ಒಂದು ಸರಪಳಿ, ಹತ್ತಾಣೆ, ಅರ್ಧ ಗೇಣು

ತಾಹಾ ನಿನ್ನೆಯ ಫುಟ್ಬಾಲ್ ಆಟದಲ್ಲಿ ಬೆರಳು ತೋರಿಸಿದ್ದು ಮೈದಾನದ ಗೆರೆಯ ಕಡೆಗಲ್ಲ, ಕಲ್ಲಿನ ಕಡೆಗೆ ಎನ್ನುವುದು ಓಂಕಾರೇಶನ ತಲೆಯೊಳಗೆ ಸರಿಯಾಗಿ ಇಳಿದದ್ದು ಸೋಮವಾರ ಬೆಳಿಗ್ಗೆ, ಅಳತೆ ಕಚೇರಿಯ ಕಿಟಕಿ ತೆಗೆದು ಹೊಲ ಅಳೆಯುವ ರೋವರ್ ಯಂತ್ರದ ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತಿದ್ದಾಗ. ಪ್ಲಗ್ಗು ಸಡಿಲವಾಗಿತ್ತು. ಅದನ್ನು ಒತ್ತಿ ಹಿಡಿದು ಕೆಂಪು ದೀಪ ಹತ್ತುವುದನ್ನು ಕಾಯುತ್ತ ನಿಂತವನಿಗೆ ಕೆಂಪು ಕಾರ್ಡು ನೆನಪಾಯಿತು. ಕಾರ್ಡು ಎತ್ತಿದ ಕೈ ತನ್ನದೇ ಆಗಿದ್ದರೂ ಈಗ ಅದನ್ನು ಎದುರಿನಿಂದ, ತಾಹಾ ನಿಂತಿದ್ದ ಜಾಗದಿಂದ ನೋಡಿದ ಹಾಗಾಯಿತು. ತೋಳಿನ ಬಟ್ಟೆಯ ಮೇಲೆ ಸುಣ್ಣದ ಕಲೆ, ಕಂಕುಳಲ್ಲಿ ಬೆವರು, ಬಾಯಲ್ಲಿ ಸೀಟಿ ಕಚ್ಚಿಕೊಂಡು ಉಬ್ಬಿದ ಕೆನ್ನೆ. ಇಷ್ಟು ಸಣ್ಣ ಮನುಷ್ಯ ಅಷ್ಟು ಎತ್ತರಕ್ಕೆ ಕೈ ಎತ್ತಿದ್ದನೇ ಎಂದು ನಾಚಿಕೆಯಾಗಿ ಪ್ಲಗ್ಗು ಬಿಟ್ಟ. ದೀಪ ಆರಿತು.

ಮೇಜಿನ ಮೇಲೆ ರೆಫರಿಯಾದ ತಾನು ತುಂಬಬೇಕಾದ ವರದಿಯ ನಮೂನೆ ಬಿದ್ದಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಎಂಟು ತಂಡಗಳು ಆಡುವ ಭಾನುವಾರದ ಫುಟ್ಬಾಲ್ ಲೀಗಿಗೆ ಮೃತ್ಯುಂಜಯ ಕಾರ್ಯದರ್ಶಿ. ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಅವನದು. ಅವನ ಕೈಗೆ ಈ ನಮೂನೆ ಇವತ್ತು ಸಂಜೆ ಐದರೊಳಗೆ ಸೇರಬೇಕು. ದಿನಾಂಕ, ತಂಡಗಳು, ಗೋಲು ಎಲ್ಲ ತುಂಬಿಯಾಗಿತ್ತು. ‘ಆಟಗಾರನನ್ನು ಹೊರಹಾಕಿದ ಕಾರಣ’ ಎಂಬ ಕಡೆ ಮೂರು ಖಾಲಿ ಸಾಲು ಉಳಿದಿದ್ದವು. ಕೆಂಪು ಕಾರ್ಡು ಕಂಡವನು ಸಮಿತಿ ತೀರ್ಮಾನಿಸುವವರೆಗೆ ಎಲ್ಲಿಯೂ ಆಡುವಂತಿಲ್ಲ. ಬುಧವಾರ ಚಿಕ್ಕಮಗಳೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ, ಇಪ್ಪತ್ತಮೂರು ತುಂಬದವರಿಗೆ ಮಾತ್ರ. ತಾಹಾನಿಗೆ ಬರುವ ತಿಂಗಳು ಇಪ್ಪತ್ತಮೂರು ತುಂಬುತ್ತದೆ. ಆಟಗಾರರ ವಯಸ್ಸಿನ ಪಟ್ಟಿ ಬರೆದವನು ಓಂಕಾರೇಶನೇ ಆದ್ದರಿಂದ ಇದು ಗೊತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವ ದಾರಿಯೂ ಇರಲಿಲ್ಲ.

ನಿನ್ನೆ ಸೆಮಿಫೈನಲ್. ಅಜ್ಜಂಪುರಕ್ಕೂ ತರೀಕೆರೆಗೂ ಎಂಬತ್ತಮೂರನೇ ನಿಮಿಷದವರೆಗೆ ಗೋಲಿಲ್ಲದ ಆಟ. ಅಜ್ಜಂಪುರದ ಮುಂಚೂಣಿಯವನು ಚೆಂಡು ತಳ್ಳಿಕೊಂಡು ಉತ್ತರದ ಗೋಲಿನ ಕಡೆ ನುಗ್ಗಿದಾಗ ತರೀಕೆರೆಯ ರಕ್ಷಣೆಗಿದ್ದ ತಾಹಾ ಅಡ್ಡ ಬಂದು ಕಾಲು ಚಾಚಿದ. ಚೆಂಡು ಸಿಗಲಿಲ್ಲ, ಮೊಣಕಾಲ ಕೆಳಗಿನ ಮೂಳೆ ಸಿಕ್ಕಿತು. ಆ ಸದ್ದು ಓಂಕಾರೇಶನಿಗೂ ಕೇಳಿಸಿತು. ಓಡಿ ಬಂದು ನೋಡಿದಾಗ ಬಿದ್ದವನ ಹಿಮ್ಮಡಿ ಎಳೆದ ಗುರುತು ಪೆನಾಲ್ಟಿ ಬಾಕ್ಸಿನ ಸುಣ್ಣದ ಗೆರೆಯಿಂದ ಒಂದೂವರೆ ಅಡಿ ಒಳಗಿತ್ತು. ಸಂದೇಹವೇ ಇರಲಿಲ್ಲ. ಸೀಟಿ ಊದಿ ಪೆನಾಲ್ಟಿ ಕೊಟ್ಟ.

“ಫೌಲ್ ಹೌದು ಸಾರ್, ಇಲ್ಲ ಅನ್ನಲ್ಲ,” ಎಂದು ತಾಹಾ ಎದ್ದು ಬಂದ. “ಆದ್ರೆ ಹೊರಗೆ. ಇದು ಪೆನಾಲ್ಟಿ ಅಲ್ಲ.”

“ಗೆರೆ ನೋಡು.”

“ಗೆರೆ ಬಿಡಿ ಸಾರ್, ಕಲ್ಲು ನೋಡಿ. ಕಲ್ಲು ಒಳಗೆ ಬಂದ್ಬಿಟ್ಟಿದೆ!”

ತರೀಕೆರೆಯ ಆ ಮೈದಾನ ಹಿಂದೆ ಸಂತೆ ನಡೆಯುತ್ತಿದ್ದ ಜಾಗ. ಅಂಗಡಿಯ ಗೂಟ ನಿಲ್ಲಿಸುತ್ತಿದ್ದ ಒಂದು ಕಲ್ಲು ಅಲ್ಲಿ ನೆಲಕ್ಕೆ ಸಮನಾಗಿ ಸವೆದು ಉಳಿದುಕೊಂಡಿದೆ. ತಾಹಾ ಅದನ್ನೇ ತೋರಿಸುತ್ತಿದ್ದ. ಗೋಲ್‌ಕೀಪರ್ ಕೂಡ ಒಮ್ಮೆ ಕಲ್ಲು ನೋಡಿದ, ಒಮ್ಮೆ ಗೆರೆ ನೋಡಿದ, ಗೋಲಿನ ಕಡೆಗೆ ವಾಪಸ್ಸು ಹೋದ. ಗೆರೆ ಅಷ್ಟು ಬೆಳ್ಳಗಿತ್ತು. ಅಜ್ಜಂಪುರದವರು ನಿಂತಿದ್ದ ಕಡೆಯಿಂದ ಯಾರೋ, “ಲೇ, ಕಲ್ಲಿಗೂ ಕಾಲು ಬಂತು ಕಣ್ರೋ!” ಎಂದು ಕೂಗಿದರು. ಇಡೀ ಮೈದಾನ ನಕ್ಕಿತು. ಓಂಕಾರೇಶನೂ ನಕ್ಕ. ಇದೇ ಈಗ ಮುಳ್ಳಾಗಿದ್ದುದು. ಪೆನಾಲ್ಟಿ ಕೊಟ್ಟದ್ದಲ್ಲ, ಕಾರ್ಡು ಎತ್ತಿದ್ದಲ್ಲ, ನಕ್ಕದ್ದು. ಜನ ತನ್ನ ಕಡೆ ಇದ್ದಾರೆ ಎಂದು ಅರೆಕ್ಷಣ ಮೈ ಹಗುರಾಗಿ, ಇನ್ನೂ ಸ್ವಲ್ಪ ನಗಿಸೋಣ ಎನ್ನಿಸಿ, “ಕಲ್ಲು ಎದ್ದು ನಡೀತದೇನೋ? ಕಣ್ಣು ಕಾಣಲ್ವಾ ನಿಂಗೆ?” ಎಂದಿದ್ದ. ಮತ್ತೆ ನಗು. ತಾಹಾ ಜಾಗ ಬಿಟ್ಟು ಕದಲಲಿಲ್ಲ. ಎರಡು ಸಲ ಹೇಳಿದರೂ ಹೋಗಲಿಲ್ಲ. ಅವನಿಗೆ ಆಗಲೇ ಒಂದು ಹಳದಿ ಕಾರ್ಡು ಬಿದ್ದಿತ್ತು. ಎರಡನೆಯದು, ಅದರ ಹಿಂದೆಯೇ ಕೆಂಪು. ಹೊರಗೆ ನಡೆಯುವಾಗ ಅವನು ಅಂಗಿ ಕಳಚಿ ಎಸೆಯಲಿಲ್ಲ, ಬೈಯಲಿಲ್ಲ. ಆ ಕಲ್ಲಿನ ಮೇಲೆ ಒಂದು ಕಾಲಿಟ್ಟು, ನೆಲ ಗಟ್ಟಿಯಿದೆಯೇ ಎಂದು ನೋಡುವವನಂತೆ ಒಮ್ಮೆ ಒತ್ತಿ, ಹೋದ.

ಪೆನಾಲ್ಟಿ ಗೋಲಾಯಿತು. ಆಟ ಮುಗಿದ ಮೇಲೆ ತೀರ್ಥಪ್ಪನವರು, ಅಜ್ಜಂಪುರದಲ್ಲಿ ಸಿಮೆಂಟು ಕಬ್ಬಿಣದ ಅಂಗಡಿಯಿರುವವರು, ತಂಡಕ್ಕೆ ಅಂಗಿ ಹೊಲಿಸಿಕೊಟ್ಟವರು, ತರೀಕೆರೆಯ ಆಟಗಾರರ ಎದುರಿಗೇ ಅವನ ಹೆಗಲ ಮೇಲೆ ಕೈ ಹಾಕಿದರು. “ನಮ್ಮೂರ ಮರ್ಯಾದೆ ಉಳಿಸ್ಬಿಟ್ಟೆ ಕಣೋ ಓಂಕಾರಿ.” ನಾನು ಯಾವ ಊರಿನ ಮರ್ಯಾದೆಯನ್ನೂ ಉಳಿಸಲಿಲ್ಲ, ಗೆರೆ ನೋಡಿದೆ ಅಷ್ಟೆ ಎನ್ನಬೇಕೆಂದುಕೊಂಡ. ಹೆಗಲ ಮೇಲಿನ ಕೈ ಭಾರವಾಗಿತ್ತು, ಬೆಚ್ಚಗೂ ಇತ್ತು. ತಂದೆಯ ಕಾಲದಲ್ಲಿ ಅಜ್ಜಂಪುರದ ಆ ಅಂಗಡಿಯ ಮೆಟ್ಟಿಲು ಹತ್ತದೆ ಕೆಳಗೇ ನಿಂತು ತೀರ್ಥಪ್ಪನವರೊಡನೆ ಮಾತಾಡಬೇಕಾಗಿದ್ದ ಮನೆತನ ತನ್ನದು. ಸಂಜೆ ಕಾಲೇಜಿಗೆ ಹೋಗಿ, ಬೀದಿ ದೀಪ ಹತ್ತುವ ಹೊತ್ತಿಗೆ ಪಾಠ ಕೇಳಿ ಬಿ.ಎ. ಮುಗಿಸಿದರೂ ಕಚೇರಿಯಲ್ಲಿ ಅವನು ಬಾಂದು ಜವಾನನೇ: ಸರ್ವೆಯರ ಹಿಂದೆ ಸರಪಳಿ ಎಳೆಯುವವನು, ಗಡಿಯ ಕಲ್ಲು ನೆಡುವವನು, ಹನ್ನೊಂದು ಗಂಟೆಗೆ ಟೀ ತರುವವನು. ಭಾನುವಾರ ಮಾತ್ರ ಇಪ್ಪತ್ತೆರಡು ಮಂದಿ ಅವನನ್ನು ಸಾರ್ ಎನ್ನುತ್ತಿದ್ದರು. ಹಾಗೆಂದು ಕರೆಸಿಕೊಳ್ಳುವುದಕ್ಕಾಗಿಯೇ ಸೀಟಿ ಹಿಡಿದೆನೋ ಏನೋ ಎಂಬ ಅನುಮಾನ ಅವನಿಗೆ ಹೊಸದಲ್ಲ.

“ಏನ್ರೀ ಓಂಕಾರೇಶ್, ಚಾರ್ಜ್ ಆಗ್ತಾನೇ ಇಲ್ವಲ್ಲ,” ಎನ್ನುತ್ತ ಯಶೋದಾ ಮೇಡಂ ಬಂದರು. ಹೋದ ವರ್ಷ ಬಂದ ಸರ್ವೆಯರ್ ಅವರು. ರೋವರ್ ಕಾಲದಲ್ಲೇ ಕೆಲಸಕ್ಕೆ ಸೇರಿದವರಾದ್ದರಿಂದ ಸರಪಳಿಯನ್ನು ಮುಟ್ಟಿದವರಲ್ಲ.

“ಪ್ಲಗ್ಗು ಲೂಸ್ ಮೇಡಂ.”

“ನಿಮ್ಮ ಮುಖನೂ ಲೂಸಾಗಿದೆ. ನಿನ್ನೆ ಮ್ಯಾಚಲ್ಲಿ ಹೊಡೆದಾಟನಾ?”

“ಇಲ್ಲ ಮೇಡಂ. ನಕ್ರು ಅಷ್ಟೆ.”

ಅವರು ಅವನನ್ನು ಒಂದು ಕ್ಷಣ ನೋಡಿ ಕಡತ ಬಿಡಿಸಿದರು. ಮಧ್ಯಾಹ್ನ ಒಂದು ಗಂಟೆ ಬಿಡುವು ಕೇಳಿದಾಗ, “ಹೋಗ್ಬನ್ನಿ, ಬರ್ತಾ ಪ್ಲಗ್ ತನ್ನಿ,” ಎಂದರು.

ಸರಪಳಿ ಬೈಕಿನ ಪೆಟ್ಟಿಗೆಯಲ್ಲೇ ಇತ್ತು, ಸಿಮೆಂಟಿನ ಖಾಲಿ ಚೀಲದಲ್ಲಿ ಸುತ್ತಿದ್ದು. ಇಲ್ಲಿಗೆ ವರ್ಗವಾಗುವ ಮೊದಲು ಕಡೂರಿನ ಕಚೇರಿಯಲ್ಲಿ ರೋವರ್ ಬಂದಾಗ ಹಳೆಯ ಸರಪಳಿಗಳನ್ನೆಲ್ಲ ಗುಜರಿಗೆ ಹಾಕಿದರು. ತಾನು ವರ್ಷಗಟ್ಟಲೆ ಎಳೆದ ಈ ಒಂದನ್ನು, ಹಿಡಿಗೆ ತಾನೇ ಹಸಿರು ವೈರು ಸುತ್ತಿದ್ದ ಇದನ್ನು, ಕೇಳಿ ಮನೆಗೆ ತಂದಿದ್ದ. ಮೂವತ್ತಮೂರು ಅಡಿ ಉದ್ದ, ಅದರಲ್ಲಿ ಹದಿನಾರು ಪಾಲು, ಒಂದೊಂದು ಪಾಲೂ ಒಂದು ಆಣೆ. ಆಣೆಗೊಂದು ಹಿತ್ತಾಳೆಯ ಬಿಲ್ಲೆ ತೂಗುತ್ತದೆ. ಊರೂರಿನ ಹೊಲ ಅಳೆದದ್ದು ಮೈದಾನ ಅಳೆಯದೇ? ಫುಟ್ಬಾಲಿನ ಪುಸ್ತಕದಲ್ಲಿ ಗೋಲಿನ ಗೆರೆಯಿಂದ ಪೆನಾಲ್ಟಿ ಬಾಕ್ಸಿನ ಅಂಚಿಗೆ ಹದಿನೆಂಟು ಗಜ ಎಂದಿದೆ. ಅದನ್ನು ಅವನು ತನ್ನ ಭಾಷೆಗೆ ತಂದುಕೊಂಡಿದ್ದ: ಒಂದು ಸರಪಳಿ, ಹತ್ತಾಣೆ, ಅರ್ಧ ಗೇಣು. ಪ್ರತಿ ಭಾನುವಾರ ಬೆಳಿಗ್ಗೆ ಮಂತ್ರದ ಹಾಗೆ ಅದನ್ನು ಗುಣುಗುತ್ತ ಮೈದಾನಕ್ಕೆ ಸುಣ್ಣ ಹಾಕುವುದು ಅವನಿಗೆ ಆಟಕ್ಕಿಂತ ಇಷ್ಟದ ಕೆಲಸ. ಒಂದೇ ತೊಡಕು. ಆ ಸರಪಳಿಯ ಮೂರನೆಯ ಆಣೆಯ ಬಿಲ್ಲೆ ಉದುರಿಹೋಗಿದೆ. ಆದ್ದರಿಂದ ಒಂಬತ್ತು ಬಿಲ್ಲೆ ಎಣಿಸಿದರೆ ಹತ್ತಾಣೆ. ಹತ್ತು ಬಿಲ್ಲೆ ಎಣಿಸಿಬಿಟ್ಟರೆ ಹನ್ನೊಂದಾಣೆ, ಎರಡಡಿ ಹೆಚ್ಚು. ಇದು ಅವನೊಬ್ಬನಿಗೇ ಗೊತ್ತು.

ಮೈದಾನದಲ್ಲಿ ಬಿಸಿಲು ನೆಟ್ಟಗೆ ಬೀಳುತ್ತಿತ್ತು. ಮೂಲೆಯಲ್ಲಿ ನಾಲ್ಕು ಮೇಕೆ. ಸುಣ್ಣ ಅಲ್ಲಲ್ಲಿ ತುಳಿದು ಹೋಗಿದ್ದರೂ ಉತ್ತರದ ಬಾಕ್ಸಿನ ಗೆರೆ ಚೆನ್ನಾಗಿಯೇ ಕಾಣುತ್ತಿತ್ತು. ಕಲ್ಲು ಗೆರೆಯ ಒಳಗಿತ್ತು. ಯಾವತ್ತೂ ಅದು ಗೆರೆಯಿಂದ ಒಂದು ಗೇಣು ಆಚೆ ಇರುತ್ತಿತ್ತಲ್ಲವೇ? ಇರುತ್ತಿತ್ತು ಎಂದು ಈಗ ಅನ್ನಿಸುತ್ತಿದೆಯೋ, ನಿಜಕ್ಕೂ ಇರುತ್ತಿತ್ತೋ? ಗೋಲಿನ ಗೆರೆಯಲ್ಲಿ ಕಬ್ಬಿಣದ ಮೊಳೆ ಹೊಡೆದು, ಹಿಡಿಯನ್ನು ಅದಕ್ಕೆ ಸಿಕ್ಕಿಸಿ ಸರಪಳಿ ಎಳೆದ. ಒಬ್ಬನೇ ಎಳೆದರೆ ಸರಪಳಿ ನಿಲ್ಲುವುದಿಲ್ಲ. ಒಂದು ಕಡೆ ಬಿಗಿಯಾದರೆ ಇನ್ನೊಂದು ಕಡೆ ಹಾವಿನಂತೆ ಸೊಟ್ಟಗಾಗುತ್ತದೆ. ಮೊದಲ ಸಲ ಹನ್ನೊಂದಾಣೆಗೆ ಸ್ವಲ್ಪ ಕಡಿಮೆ ಬಂತು, ಎರಡನೆಯ ಸಲ ಸ್ವಲ್ಪ ಹೆಚ್ಚು. ಹತ್ತು ಒಮ್ಮೆಯೂ ಬರಲಿಲ್ಲ. ದಕ್ಷಿಣದ ಬಾಕ್ಸು ಅಳೆದ. ಹತ್ತಾಣೆ, ಅರ್ಧ ಗೇಣು, ಕೂದಲೆಳೆಯಷ್ಟೂ ತಪ್ಪಿಲ್ಲ. ಅವನು ಮತ್ತೆ ಉತ್ತರಕ್ಕೆ ಬಂದು ಕಲ್ಲಿನ ಪಕ್ಕ ಕುಕ್ಕುರುಗಾಲಲ್ಲಿ ಕೂತ.

ನಿನ್ನೆ ಬೆಳಿಗ್ಗೆ ಇದೇ ಜಾಗದಲ್ಲಿ ಬಗ್ಗಿ ಬಿಲ್ಲೆ ಎಣಿಸುತ್ತಿದ್ದಾಗ ಹಿಂದಿನಿಂದ ದನಿ ಬಂದಿತ್ತು. “ಏನಪ್ಪಾ ರೆಫ್ರಿ ಸಾಹೇಬ್ರು! ಹೊಟ್ಟೆಗೆ ಏನಾದ್ರೂ ಆಯ್ತೋ ಇಲ್ವೋ?” ತೀರ್ಥಪ್ಪನವರು ಕಾರಿನಿಂದ ಇಳಿದು, ಎಲೆಯಲ್ಲಿ ಕಟ್ಟಿದ ಇಡ್ಲಿ ಹಿಡಿದು, ತಾವೇ ನಡೆದು ಬಂದಿದ್ದರು. ತಾವೇ. ಅವನು ಎದ್ದು ನಿಂತು, ಕೈ ಒರೆಸಿಕೊಂಡು, ಬೇಡ ಎನ್ನುತ್ತ ತೆಗೆದುಕೊಂಡಿದ್ದ. ಎರಡು ಮಾತಾಡಿ ಮತ್ತೆ ಬಗ್ಗಿದಾಗ ಎಣಿಕೆ ಎಲ್ಲಿಗೆ ಬಂದಿತ್ತೋ ಮರೆತು ಮೊದಲಿನಿಂದ ಎಣಿಸಿದ್ದು ನೆನಪಿದೆ. ಎಷ್ಟಕ್ಕೆ ನಿಲ್ಲಿಸಿದೆ ಎನ್ನುವುದು ನೆನಪಿಲ್ಲ. ಮರೆವೇ ಇದು? ಅಥವಾ ಇಡ್ಲಿಯ ಬಿಸಿ ಇನ್ನೂ ಅಂಗೈಯಲ್ಲಿದ್ದ ಮನುಷ್ಯ ತನಗೇ ತಿಳಿಯದ ಹಾಗೆ ಒಂದು ಬಿಲ್ಲೆ ಹೆಚ್ಚಿಗೆ ಎಣಿಸಿದನೇ? ಮೊದಲ ಅರ್ಧದಲ್ಲಿ ಅದೇ ಗೋಲನ್ನು ಕಾದದ್ದು ಅಜ್ಜಂಪುರದವರು, ಹಾಗಾಗಿ ಮೋಸವೆನ್ನಲು ಬರುವುದಿಲ್ಲ ಎಂದು ತರ್ಕ ಮಾಡಿದ. ತರ್ಕ ಸರಿಯಾಗಿತ್ತು. ಸರಿಯಾದ ತರ್ಕವೆಲ್ಲ ಯಾಕೆ ಹೀಗೆ ವಕೀಲರ ದನಿಯಲ್ಲೇ ಕೇಳಿಸುತ್ತದೆ ಎಂದು ಅವನಿಗೆ ದಿಗಿಲಾಯಿತು.

“ಸಾರ್, ಮೇಕೆ ಕಾಯ್ತಿದೀರಾ?”

ನೀರಿನ ಕ್ಯಾನು ತುಂಬಿದ ಗೂಡ್ಸ್ ಆಟೊ ರಸ್ತೆ ಬದಿಗೆ ನಿಂತಿತ್ತು. ತಾಹಾ ಇಳಿದು ಬರುತ್ತಿದ್ದ. ಈ ಬೀದಿಯ ಅಂಗಡಿಗಳಿಗೆಲ್ಲ ನೀರು ಹಾಕುವವನು ಅವನು ಎಂಬುದು ಓಂಕಾರೇಶನಿಗೆ ಮರೆತೇ ಹೋಗಿತ್ತು. ಅಥವಾ ಮರೆತಿರಲಿಲ್ಲವೋ ಏನೋ. ಸರಪಳಿಯನ್ನು ಚೀಲಕ್ಕೆ ತುರುಕುವಷ್ಟು ಹೊತ್ತಿತ್ತು. ತುರುಕಲಿಲ್ಲ.

“ಅಳೀತಿದ್ದೆ,” ಎಂದ.

ತಾಹಾ ಗೆರೆ ನೋಡಿದ, ಕಲ್ಲು ನೋಡಿದ. ನಿನ್ನೆಯ ಸಿಟ್ಟು ಅವನ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದರೆ ವಾಸಿಯಿತ್ತು.

“ಒಬ್ನೇ ಎಳೆದ್ರೆ ಸರಿಯಾಗಿ ಬರ್ತಿಲ್ಲ. ಈ ಹಿಡಿ ಸ್ವಲ್ಪ ಹಿಡ್ಕೊ.”

ತಾಹಾ ಹಸಿರು ವೈರು ಸುತ್ತಿದ ಹಿಡಿಯನ್ನು ಗೋಲಿನ ಗೆರೆಗೆ ಒತ್ತಿ ಹಿಡಿದು ಕೂತ. ಒಂದು ಸರಪಳಿ. ಮೊಳೆ. ಮತ್ತೆ ಹಿಡಿ ಮೊಳೆಗೆ. ಈಗ ಸರಪಳಿ ತಂತಿಯ ಹಾಗೆ ನೆಟ್ಟಗಿತ್ತು. “ಬಿಲ್ಲೆ ಎಣಿಸ್ತಾ ಬಾ, ಗಟ್ಟಿಯಾಗಿ,” ಎಂದ ಓಂಕಾರೇಶ. ತಾಹಾ ಎಣಿಸುತ್ತ ಬಂದ. ಒಂದು, ಎರಡು, ಮೂರು. ಹತ್ತು ಎಂದಾಗ ಅವನ ಬೆರಳು ಗೆರೆಯಿಂದ ಅರ್ಧ ಗೇಣು ಈಚೆ ಇತ್ತು.

“ಹತ್ತು. ಸರಿಯಾಗೇ ಇದೆಯಲ್ಲ ಸಾರ್. ಹತ್ತು ತಾನೇ ಇರ್ಬೇಕಾದ್ದು? ನೀವು ಗೆರೆ ಹಾಕುವಾಗ ಹಾಡ್ತಿರ್ತೀರಲ್ಲ.”

ಇಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ತಾಹಾ ತಾನೇ ಎಣಿಸಿ, ತಾನೇ ಹತ್ತು ಎಂದಿದ್ದ. ನಿನ್ನೆ ತನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡು ಆಟೊ ಹತ್ತಿ ಹೋಗುತ್ತಿದ್ದ. ಓಂಕಾರೇಶ ಅವನ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋಗಿ ಎರಡನೆಯ ಬಿಲ್ಲೆಗೂ ಅದರ ಮುಂದಿನದಕ್ಕೂ ನಡುವೆ ಇದ್ದ ಖಾಲಿ ಬಳೆಯನ್ನು ತೋರಿಸಿದ.

“ಇಲ್ಲೊಂದು ಬಿಲ್ಲೆ ಇತ್ತು. ಬಿದ್ದೋಗಿದೆ. ಒಂಬತ್ತು ಎಣಿಸಿದ್ರೆ ಹತ್ತು. ನಿನ್ನೆ ಬೆಳಿಗ್ಗೆ ನಾನು ಹತ್ತು ಎಣಿಸಿಬಿಟ್ಟೆ.”

ತಾಹಾ ಬಗ್ಗಿ ಆ ಬಳೆ ನೋಡಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. “ಆತೂಂ ಅಮ್ಮಾ,” ಎಂದು ತನ್ನ ಮನೆಮಾತಿನಲ್ಲಿ, ಬರುತ್ತೇನೆಂದು ತಾಯಿಗೆ ಹೇಳಿ ಇಟ್ಟ. ಆಮೇಲೆ, “ನಾನು ಈ ಕಲ್ಲಿನ ಮೇಲೆ ಬಿದ್ದು ಹಲ್ಲು ಮುರ್ಕೊಂಡಾಗ ಎಂಟು ವರ್ಷ ಸಾರ್ ನಂಗೆ,” ಎಂದ. “ಕಣ್ಣು ಮುಚ್ಕೊಂಡು ಬಂದ್ರೂ ಗೊತ್ತಾಗುತ್ತೆ, ಕಲ್ಲು ದಾಟಿದ್ಮೇಲೇನೇ ಬಾಕ್ಸು ಅಂತ.” ಸ್ವಲ್ಪ ತಡೆದು ಕೇಳಿದ: “ಯಾವಾಗ ಬಿದ್ದಿದ್ದು ಸಾರ್ ಈ ಬಿಲ್ಲೆ?”

“ಗೊತ್ತಿಲ್ಲ.”

ಹೇಳಿದ ಮೇಲೆ ಆ ಮಾತು ಓಂಕಾರೇಶನಿಗೇ ವಾಪಸ್ಸು ಕೇಳಿಸಿತು. ಗೊತ್ತಿಲ್ಲ. ಮೈದಾನ ಅಳೆಯಲು ಶುರುಮಾಡಿದ ಮೊದಲ ದಿನ ಬಿಲ್ಲೆ ಇಲ್ಲದ್ದನ್ನು ಕಂಡದ್ದು ನಿಜ. ಅದಕ್ಕೂ ಮೊದಲು ಹೊಲಗಳಲ್ಲಿ ಎಳೆಯುವಾಗ ಇತ್ತೇ? ಕೆಸರಲ್ಲಿ, ಕೊಯ್ದ ರಾಗಿಯ ಕೂಳೆಯಲ್ಲಿ ಎಳೆದುಕೊಂಡು ಓಡುತ್ತ, ಬಿಲ್ಲೆಗಳನ್ನು ಬೆರಳಲ್ಲಿ ಸರಿಸುತ್ತ, ಎಣಿಸಿ ಕೂಗುವುದು ಅವನ ಕೆಲಸ. ಅವನು ಕೂಗಿದ್ದನ್ನು ಸರ್ವೆಯರ್ ಬರೆದುಕೊಳ್ಳುವುದು. ಮೂರು ಸರಪಳಿ ಏಳಾಣೆ ಎಂದು ಕೂಗಿದ್ದ, ಯಗಟಿಯಲ್ಲಿ, ಹುಲಿಯಮ್ಮನ ಹೊಲದ ಅಂಚಿನಲ್ಲಿ, ನಾಲ್ಕು ವರ್ಷದ ಹಿಂದೆ. ಪಕ್ಕದ ಹೊಲದವನು ಹದ್ದುಬಸ್ತಿಗೆ, ಗಡಿ ಗುರುತಿಸಿ ಕೊಡಿ ಎಂದು, ಅರ್ಜಿ ಹಾಕಿದ್ದ. ಅವನ ಕಡೆಯಿಂದ ಅಳೆದು ಏಳಾಣೆಗೆ ಕಲ್ಲು ನೆಟ್ಟಾಗ ಕುರಿ ಹಿಂಡಿನ ನಡುವಿನಿಂದ ಆ ಮುದುಕಿ ಎದ್ದು ಬಂದು, ಯಾರನ್ನೂ ಬೈಯದೆ, ಹೊಲದ ಆ ಬದಿಯಿಂದ ಈ ಬದಿಗೆ ಪಾದಕ್ಕೆ ಪಾದ ಜೋಡಿಸಿ ನಡೆದಳು. “ಅರವತ್ತೊಂದು ಇತ್ತು ಕಣಪ್ಪಾ ನನ್ ಪಾದಕ್ಕೆ. ಈಗ ಐವತ್ತೆಂಟೇ ಬತ್ತೈತೆ.” ಎಲ್ಲರೂ ನಕ್ಕರು. ಆಗಿನ ಸರ್ವೆಯರ್, “ಅಜ್ಜೀ, ವಯಸ್ಸಾದ್ಮೇಲೆ ಪಾದ ದೊಡ್ಡದಾಗ್ತವೆ,” ಎಂದಿದ್ದರು. ಓಂಕಾರೇಶ ಅವತ್ತು ನಕ್ಕಿದ್ದನೇ? ನಕ್ಕಿರಬೇಕು. ಮೂರು ಪಾದ ಅಂದರೆ ಎಷ್ಟು? ಎರಡಡಿ. ಸರಿಯಾಗಿ ಒಂದು ಬಿಲ್ಲೆಯ ಅಂತರ. ಮಹಜರಿಗೆ ಅವಳ ಹೆಬ್ಬೆಟ್ಟು ಒತ್ತಿಸುವಾಗ ಆ ಹೆಬ್ಬೆಟ್ಟನ್ನು ಹಿಡಿದಿದ್ದವನು ಅವನೇ. ಒರಟು ಬೆರಳು. ಶಾಯಿ ಮೆತ್ತಿ, ಕಾಗದಕ್ಕೆ ತಂದು, ಸ್ವಲ್ಪ ಬಲವಾಗಿಯೇ ಒತ್ತಬೇಕಾಗಿತ್ತು. ‘ಓದಿಸಿ ಕೇಳಿ ಸರಿಯೆಂದು ಒಪ್ಪಿರುತ್ತೇನೆ.’

“ವರದಿ ಕೊಟ್ರಾ ಸಾರ್?” ತಾಹಾ ಕೇಳುತ್ತಿದ್ದ.

“ಇನ್ನೂ ಇಲ್ಲ. ನಾಲ್ಕೂವರೆಗೆ ಅಂಗಡಿ ಹತ್ರ ಬಾ, ಮೃತ್ಯುಂಜಯಂಗೆ ಎಲ್ಲ ಹೇಳ್ತೀನಿ. ಇರೋದನ್ನ ಇದ್ದ ಹಾಗೆ ಬರೀತೀನಿ.” ಕ್ಷಮಿಸು ಎನ್ನುವ ಮಾತು ಇದರ ಹಿಂದೆಯೇ ಇತ್ತು. ಆಟೊ ಸ್ಟಾರ್ಟ್ ಆದ ಸದ್ದಿನಲ್ಲಿ ಅದು ಹೊರಗೆ ಬರಲಿಲ್ಲ.

ಕಚೇರಿಗೆ ಹೋಗಿ, ಪ್ಲಗ್ಗು ಕೊಟ್ಟು, ನಾಲ್ಕೂವರೆಗೆ ಅಪ್ಪಣೆ ಪಡೆದು ಝೆರಾಕ್ಸ್ ಅಂಗಡಿ ಮುಟ್ಟಿದಾಗ ಮೃತ್ಯುಂಜಯ ಯಾರದೋ ಆಧಾರ್ ಕಾರ್ಡನ್ನು ಯಂತ್ರದ ಮೇಲೆ ಮಲಗಿಸುತ್ತಿದ್ದ. ತಾಹಾ ಹೊರಗೆ ಆಟೊದಲ್ಲೇ ಕೂತ. ಓಂಕಾರೇಶ ನಿಂತುಕೊಂಡೇ ಎಲ್ಲ ಹೇಳಿದ: ಸರಪಳಿ, ಬಿಲ್ಲೆ, ಎರಡಡಿ, ಕಲ್ಲು. ಮೃತ್ಯುಂಜಯ ಯಂತ್ರದ ಮುಚ್ಚಳ ತೆಗೆಯುತ್ತ, ಹಾಕುತ್ತ ಕೇಳಿದ.

“ಇದು ಯಾರ್ಯಾರಿಗೆ ಗೊತ್ತು?”

“ನಂಗೆ. ತಾಹಾಗೆ.”

“ತೀರ್ಥಪ್ಪನೋರಿಗೆ?”

“ಇಲ್ಲ.”

“ಹಂಗಾದ್ರೆ ನನ್ನ ಮಾತು ಕೇಳ್ರೀ. ನೀವು ಇದನ್ನ ಬರೆದ್ರೆ ನಾನು ಬೇಡ ಅನ್ನಲ್ಲ. ಬರೆದಿದ್ದು ಸಮಿತಿಗೆ ಹೋಗುತ್ತೆ. ಸಮಿತಿ ಕೂರೋದು ಶನಿವಾರ. ಅಜ್ಜಂಪುರದವರು ಸುಮ್ನಿರ್ತಾರಾ? ಇಷ್ಟು ವರ್ಷ ಈ ಗ್ರೌಂಡಲ್ಲಿ ಆಡಿದ ಮ್ಯಾಚೆಲ್ಲ ಅಳೀರಿ ಅಂತಾರೆ. ಅಳೀಲಿ. ಆದ್ರೆ ಅಲ್ಲಿವರೆಗೂ ಕಾರ್ಡ್ ಕಾರ್ಡೇ. ಬುಧವಾರದ ಸೆಲೆಕ್ಷನ್ ಇವನ ಪಾಲಿಗಿಲ್ಲ.” ದನಿ ತಗ್ಗಿಸಿದ. “ಇನ್ನೊಂದು ದಾರಿ ಇದೆ. ಆಟಗಾರ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ್ದಾನೆ, ರಿಯಾಯಿತಿ ತೋರಿಸಬಹುದು ಅಂತ ರೆಫರಿ ಬರೆದು, ಅವನ ಸೈನ್ ಹಾಕಿಸಿದ್ರೆ ಕಾರ್ಯದರ್ಶಿನೇ ತೆಗೀಬೋದು. ರೂಲ್ಸಲ್ಲೇ ಇದೆ. ಈಗ್ಲೇ ಚಿಕ್ಕಮಗಳೂರಿಗೆ ಫೋನ್ ಮಾಡ್ತೀನಿ. ಒಂದು ಸಾಲು ಕಣ್ರೀ.”

ಓಂಕಾರೇಶ ಹೊರಗೆ ಬಂದ. ಬಸ್ಸುಗಳು ಹಿಂದಕ್ಕೆ ಬರುವ ಸೀಟಿ, ಬಜ್ಜಿಯ ಹೊಗೆ. ಆಟೊದ ಪಕ್ಕ ನಿಂತು ಅದನ್ನೆಲ್ಲ ತಾಹಾನಿಗೆ ಹೇಳಿದ, ಒಂದೂ ಬಿಡದೆ. ತಾಹಾ ಸ್ಟಿಯರಿಂಗ್ ಮೇಲೆ ಗಲ್ಲ ಊರಿಕೊಂಡು ಕೇಳಿದ.

“ಏನಂತ ಕೇಳ್ದೆ ನಾನು ಕ್ಷಮೆ? ಕಲ್ಲು ನೋಡಿದ್ದಕ್ಕಾ?” ಎಂದು ನಕ್ಕ. ಆ ನಗುವಿನಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಮಾಷೆ ಎನ್ನಿಸಿದ ಹಾಗಿತ್ತು.

“ಬೇಡ ಅಂದ್ರೆ ಬೇಡ. ನಾನು ನಿಜಾನೇ ಬರೀತೀನಿ. ನನ್ನ ಸೀಟಿ ಹೋದ್ರೂ ಹೋಗ್ಲಿ.”

“ನಿಜ ಬರೆದ್ರೆ ನಿಮಗೆ ಒಳ್ಳೇದು ಸಾರ್,” ಎಂದ ತಾಹಾ. “ನಂಗೆ ಬುಧವಾರದ ಬಸ್ ಹೋಗುತ್ತೆ.”

ಕೆನ್ನೆಗೆ ಹೊಡೆದಿದ್ದರೂ ಓಂಕಾರೇಶ ಇಷ್ಟು ಕುಗ್ಗುತ್ತಿರಲಿಲ್ಲ. ಮಧ್ಯಾಹ್ನದಿಂದ ಅವನು ಮನಸ್ಸಿನಲ್ಲೇ ಬರೆದುಕೊಂಡಿದ್ದ ವರದಿ ಎಷ್ಟು ಚೆನ್ನಾಗಿತ್ತು! ‘ತಪ್ಪು ಆಟಗಾರನದಲ್ಲ, ಗೆರೆ ಎಳೆದ ನನ್ನದು.’ ಓದಿದವರು ಒಂದು ಕ್ಷಣ ತಲೆ ತಗ್ಗಿಸಬೇಕು. ತಲೆ ತಗ್ಗಿಸಿದವರ ನಡುವೆ ತಾನು ಸೀಟಿ ಕಳಚಿ ಇಟ್ಟು ನಡೆದುಹೋಗಬೇಕು. ಅಲ್ಲಿಯೂ ಕೊನೆಗೆ ಸಾರ್ ಎನ್ನಿಸಿಕೊಳ್ಳುವುದೇ. ಅದರಲ್ಲಿ ತಾಹಾ ಎಲ್ಲಿದ್ದ? ಚಿಕ್ಕಮಗಳೂರಿಗೆ ಹೋಗದ ಒಬ್ಬ ತಾಹಾ, ತನ್ನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ, ನೀರಿನ ಕ್ಯಾನು ಇಳಿಸುತ್ತ. ಹಾಗಾದರೆ ಸುಳ್ಳು ಬರೆಯುವುದೇ ಸರಿಯೇ? ಸುಳ್ಳಿನಲ್ಲೂ ತನಗೆ ನಷ್ಟವೇನಿಲ್ಲ. ಸೀಟಿ ಉಳಿಯುತ್ತದೆ, ತೀರ್ಥಪ್ಪನವರ ಕೈ ಹೆಗಲ ಮೇಲೆ ಉಳಿಯುತ್ತದೆ. ಯಾವ ಕಡೆ ತಿರುಗಿದರೂ ಬೆಲೆ ತೆರುವವನು ಆಟೊದಲ್ಲಿ ಕೂತಿದ್ದ.

“ಬರೀರಿ ಸಾರ್,” ಎಂದು ತಾಹಾ ಇಳಿದ. “ಆಡ್ಬೇಕು ನಾನು.”

ಅಂಗಡಿಯ ಗಾಜಿನ ಮೇಜಿನ ಮೇಲೆ, ಮೃತ್ಯುಂಜಯ ಕೊಟ್ಟ ಪೆನ್ನಿನಲ್ಲಿ, ಓಂಕಾರೇಶ ಆ ಮೂರು ಸಾಲು ತುಂಬಿದ. ಅವನ ಅಕ್ಷರ ದುಂಡಗೆ ಚೆನ್ನಾಗಿದೆ. ಮಹಜರುಗಳನ್ನೆಲ್ಲ ಸರ್ವೆಯರುಗಳು ಅವನಿಂದಲೇ ಬರೆಸುತ್ತಿದ್ದರು. ಆಟಗಾರನು ತನ್ನ ತಪ್ಪನ್ನು ಅರಿತು ಕ್ಷಮೆ ಕೋರಿರುತ್ತಾನೆ. ಬರೆದು ತಿರುಗಿಸಿ ಇಟ್ಟ. ತಾಹಾ ಓದಲಿಲ್ಲ.

“ಎಲ್ಲಿ ಸಾರ್?”

ಓಂಕಾರೇಶನ ಬೆರಳು ತಾನಾಗಿಯೇ ಮುಂದೆ ಹೋಗಿ, ಎಷ್ಟೋ ವರ್ಷಗಳಿಂದ ಎಷ್ಟೋ ಕಾಗದಗಳ ಮೇಲೆ ಹೋದ ಹಾಗೆ, ಸಹಿಯ ಜಾಗ ತೋರಿಸಿತು. ತಾಹಾ ಬಗ್ಗಿ, ಕನ್ನಡದಲ್ಲಿ, ಎರಡೂ ದೀರ್ಘಗಳನ್ನು ಉದ್ದಕ್ಕೆ ಎಳೆದು ಹೆಸರು ಬರೆದ. ಮೃತ್ಯುಂಜಯ ಆಗಲೇ ಫೋನಿನಲ್ಲಿ, “ಹೌದೌದು, ಎಲ್ಲಾ ಕ್ಲಿಯರ್ ಆಯ್ತು, ಹುಡುಗ ಒಳ್ಳೇನು,” ಎನ್ನುತ್ತಿದ್ದ. ಹೋಗುವಾಗ ತಾಹಾ ಮೆಟ್ಟಿಲ ಮೇಲೆ ನಿಂತು ಹಿಂತಿರುಗಿದ. “ಫೈನಲ್‌ಗೂ ನೀವೇ ತಾನೆ ಗೆರೆ ಹಾಕೋದು? ಒಂಬತ್ತು ಸಾರ್. ಮರೀಬೇಡಿ.”

ಆಟೊ ತಿರುವಿನಲ್ಲಿ ಮರೆಯಾದ ಮೇಲೂ ಓಂಕಾರೇಶ ಅಲ್ಲೇ ನಿಂತಿದ್ದ. ಮನೆಗೆ ಹೋಗುವ ಹೊತ್ತು. ಬೈಕಿನ ಪೆಟ್ಟಿಗೆ ತೆಗೆದು ಸಿಮೆಂಟಿನ ಚೀಲವನ್ನು ಯಾಕೆ ಎತ್ತಿಕೊಂಡ, ರಸ್ತೆ ದಾಟಿ ಹೊರಡಲು ನಿಂತಿದ್ದ ಕಡೂರಿನ ಬಸ್ಸನ್ನು ಯಾಕೆ ಹತ್ತಿದ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಹುಲಿಯಮ್ಮ ಬದುಕಿದ್ದಾಳೋ ಇಲ್ಲವೋ. ಬದುಕಿದ್ದರೂ ಏನೆಂದು ಹೇಳುವುದು? ಅಜ್ಜೀ, ಇನ್ನೊಂದು ಸಲ ನಡೆದು ತೋರಿಸು ಎನ್ನುವುದೇ? ಅಳೆದು ತಪ್ಪೆಂದು ಕಂಡರೂ ಕಲ್ಲು ಕಿತ್ತು ನೆಡುವ ಅಧಿಕಾರ ತನಗೆಲ್ಲಿದೆ? ಸೀಟಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಾಗ ಸರಪಳಿ ಒಳಗೆ ಜಾರಿ ಸದ್ದು ಮಾಡಿತು.

“ಏನ್ರೀ ಅದು ಚೀಲದಲ್ಲಿ?” ಎಂದ ಕಂಡಕ್ಟರ್.

“ಸರಪಳಿ.”

“ನಾಯಿದಾ?”

“ಅಲ್ಲ. ಹೊಲ ಅಳೆಯೋದು.”

“ಎಲ್ಲಿಗೆ?”

“ಯಗಟಿ.”

“ಇದು ಕಡೂರಿಗೇ ಕೊನೆ ಕಣ್ರೀ. ಅಲ್ಲಿಳಿದು ಬೇರೆ ಬಸ್ ಹಿಡೀಬೇಕು. ಈ ಹೊತ್ತಲ್ಲಿ ಸಿಕ್ಕಿದ್ರೆ ಸಿಕ್ತು, ಇಲ್ಲಾಂದ್ರೆ ಇಲ್ಲ.”

“ಕಡೂರಿಗೇ ಕೊಡಿ.”

ಬಸ್ಸು ಊರು ದಾಟಿ ಹೆದ್ದಾರಿಗೆ ಬಿತ್ತು. ಇಳಿಬಿಸಿಲು ಕಿಟಕಿಯಿಂದ ಮುಖಕ್ಕೆ ಹೊಡೆಯುತ್ತಿತ್ತು. ಓಂಕಾರೇಶ ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಿದ. ಹಸಿರು ವೈರಿನ ಹಿಡಿ ಸಿಕ್ಕಿತು. ಅಲ್ಲಿಂದ ಕೊಂಡಿ ಕೊಂಡಿಯಾಗಿ ಬೆರಳು ಮುಂದೆ ಹೋಯಿತು. ಒಂದು ಬಿಲ್ಲೆ. ಎರಡು. ಆಮೇಲೆ ಆ ಖಾಲಿ ಬಳೆ. ಇಷ್ಟು ದಿನ ಅದನ್ನು ಕಣ್ಣಿನಿಂದ ನೋಡಿದ್ದನೇ ಹೊರತು ಮುಟ್ಟಿರಲಿಲ್ಲ. ಬಿಲ್ಲೆ ಈಚೆಗೆ ಮುರಿದು ಬಿದ್ದಿದ್ದರೆ ಅಲ್ಲಿ ಒಂದಿಷ್ಟು ಚೂಪು, ಹಿತ್ತಾಳೆಯ ಒಂದು ಮುರುಕು ಉಳಿದಿರಬೇಕಿತ್ತು. ಹೆಬ್ಬೆಟ್ಟನ್ನು ಬಳೆಯ ಮೇಲೆ ಇಟ್ಟು, ಸ್ವಲ್ಪ ಬಲವಾಗಿಯೇ ಒತ್ತಿ, ಸುತ್ತಲೂ ಸವರಿದ.

ನುಣ್ಣಗಿತ್ತು.